ಹುಳುಮನೆಯಲ್ಲಿ ನಾಲ್ಕು ಮಕ್ಕಳು: ಮಕ್ಕಳ ಕಾದಂಬರಿಯ ಕರಡು ತಿದ್ದಿಕೊಡಿ

ಶಿಡ್ಲಘಟ್ಟ ಕರಡು:

ಎಂಟರಿಂದ ಹನ್ನೆರಡು ವಯಸ್ಸಿನವರಿಗೆಂದು ಬರೆಯುತ್ತಿರುವ ಕಾದಂಬರಿಯ ಮೊದಲ ಕರಡು ಮುಗಿದಿದೆ. ಅಪ್ಪ ಅಮ್ಮ ತೀರಿಕೊಂಡ ನಾಲ್ಕು ಮಕ್ಕಳು. ಅಕ್ಕನಿಗೆ 13, ಅಣ್ಣನಿಗೆ 10, ಪುಟ್ಟಿಗೆ 8, ಪಾಪುಗೆ 5. ನೆಂಟರು ಒಬ್ಬೊಬ್ಬರನ್ನು ಒಂದೊಂದು ಊರಿಗೆ ಕರೆದುಕೊಂಡು ಹೋಗುವ ಮಾತಾಡಿದ್ದು ಅಕ್ಕನ ಕಿವಿಗೆ ಬೀಳುತ್ತದೆ. ಊರಾಚೆ ಎರಡು ವರ್ಷದಿಂದ ರೇಷ್ಮೆಹುಳ ಸಾಕದೆ ಬಿಟ್ಟಿರುವ ಹುಳುಮನೆಯೊಂದಕ್ಕೆ ನಾಲ್ವರೂ ಹೋಗಿ ಸೇರಿಕೊಳ್ಳುತ್ತಾರೆ. ಜಾಗ ಶಿಡ್ಲಘಟ್ಟ ತಾಲ್ಲೂಕು, ಕಾಲ ಈಗಿನದು, ದಸರಾ ರಜೆ ಮುಗಿದ ವಾರದಿಂದ ಕಥೆ ಶುರು. ಅಳು ಮೊದಲ ಅಧ್ಯಾಯದಲ್ಲಷ್ಟೇ. ಉಳಿದ 17 ಅಧ್ಯಾಯವೂ ಮನೆ ಮಾಡಿಕೊಳ್ಳುವುದೇ.

ಪೂರ್ತಿ ಕರಡು ನಿಮಗೆಲ್ಲ ಕಳಿಸಿದ್ದೇನೆ, ಅದರಲ್ಲಿರುವುದು ಚುಟುಕಾಗಿ ಹೀಗೆ: ಹುಳ ಸಾಕುವ ತಟ್ಟೆಗಳನ್ನು ಹಾಸಿಕೊಂಡು ಮಲಗುತ್ತಾರೆ. ಅಲ್ಲೇ ಸಿಕ್ಕ ಬಿಳಿ ಕ್ಯಾನಿನಲ್ಲಿ ಕೆರೆ ನೀರು ತಂದು ಕಾಯಿಸಿ ಕುಡಿಯುತ್ತಾರೆ. ಅಕ್ಕ ಸಂಜೆ ಇಪ್ಪತ್ತು ನಿಮಿಷದಲ್ಲಿ ಹುರುಳಿ ಸಾರು, ಮುದ್ದೆ ಮಾಡುತ್ತಾಳೆ. ಅಣ್ಣ ರಸ್ತೆ ಬದಿಯ ಹುಣಸೆಹಣ್ಣು ಆಯ್ದು ಮಾರುತ್ತಾನೆ. ಹೆಸರು ‘ಗೂಡು’. ಎಲ್ಲಿ ತಪ್ಪಿದೆ, ಬಿಡದೆ ಹೇಳಿ.

ಚಂದ್ರಿಕೆ, ಚಿಂತಾಮಣಿ:

ಮೊದಲು ಆ ಬಿಳಿ ಕ್ಯಾನ್ ತೆಗೆದುಹಾಕಿ. ಹುಳುಮನೆಯ ಮೂಲೆಯಲ್ಲಿ ಉಳಿದ ಕ್ಯಾನ್ ಫಾರ್ಮಾಲಿನ್‌ದೋ ಬೇರೆ ಸೋಂಕುನಿವಾರಕದ್ದೋ ಆಗಿರುತ್ತದೆ. ಪ್ರತಿ ಸಲ ಹುಳ ಸಾಕಿ ಮುಗಿದ ಮೇಲೂ ಅದರಲ್ಲೇ ಮನೆ, ತಟ್ಟೆ, ಚಂದ್ರಿಕೆ (ಹುಳ ಗೂಡು ಕಟ್ಟುವ ಬಿದಿರಿನ ಚೌಕಟ್ಟು) ಎಲ್ಲ ತೊಳೆಯುವುದು. ಎಷ್ಟು ತಿಕ್ಕಿದರೂ ಅದು ಕುಡಿಯುವ ನೀರಿನ ಕ್ಯಾನ್ ಆಗುವುದಿಲ್ಲ. ನಿಮ್ಮ ಪುಸ್ತಕ ಓದುವ ಮಕ್ಕಳ ಮನೆಯಲ್ಲೇ ಅಂಥ ಕ್ಯಾನ್ ಇರುತ್ತದೆ, ಅದನ್ನು ನೆನಪಿಡಿ. ಅಕ್ಕ ಅದನ್ನು ಮೂಸಿ ನೋಡದೆ, ಮುಚ್ಚಳ ತೆಗೆಯದೆ, ಹೊರಗಿಟ್ಟು ಪಾಪುವಿಗೆ ‘ಇದು ಮುಟ್ಟಂಗಿಲ್ಲ’ ಅಂದರೆ ಅರ್ಧ ಪುಟದ ಒಳ್ಳೆ ಸನ್ನಿವೇಶವಾಗುತ್ತದೆ.

ತಟ್ಟೆ ಮೇಲೆ ಯಾರೂ ಮಲಗಲಾರರು. ಬಿದಿರಿನ ಸೀಳಿನಿಂದ ಹೆಣೆದದ್ದು, ಹುಳ ಮತ್ತು ಹಿಪ್ಪುನೇರಳೆ ಸೊಪ್ಪಿನ ಭಾರಕ್ಕೆ ಮಾಡಿದ್ದು. ಎಂಟು ವರ್ಷದ ಮಗು ಕೂತರೂ ನಡು ಬಿರಿಯುತ್ತದೆ. ಅದೂ ಅಲ್ಲದೆ ಈಗ ನಮ್ಮ ಕಡೆ ಹೆಚ್ಚಿನವರು ಕಡ್ಡಿ ಸಮೇತ ಸೊಪ್ಪು ಹಾಕುವುದು. ಹಾಗಾಗಿ ತಟ್ಟೆ ಹೋಗಿ ಅಂತಸ್ತಿನ ಅಟ್ಟಣಿಗೆ ಬಂದಿದೆ. ಹಳೇ ಹುಳುಮನೆ ಆದ್ದರಿಂದ ಎರಡೂ ಇರಬಹುದು ಅಂತ ಇಟ್ಟುಕೊಳ್ಳಿ. ಮರದ ಅಟ್ಟಣಿಗೆಯ ಕೆಳಗಿನ ಅಂತಸ್ತಿಗೆ ಹಲಗೆ ಹಾಸಿದರೆ ಅದೇ ಮಂಚ. ಅಗಲ ಐದಡಿ ಸಿಗುತ್ತದೆ, ನಾಲ್ಕು ಮಕ್ಕಳು ಅಡ್ಡಡ್ಡ ಮಲಗಬಹುದು, ಚೇಳು ಹತ್ತುವ ನೆಲದಿಂದ ಮೇಲಿರುತ್ತಾರೆ. ಮೇಲಿನ ಅಂತಸ್ತಿಗೆ ತಲೆ ತಾಗುತ್ತದೆ. ಮೊದಲ ರಾತ್ರಿ ಅಣ್ಣನಿಗೆ ತಾಗಲಿ.

ತಟ್ಟೆ ಇಡುವ ಸ್ಟ್ಯಾಂಡನ್ನು ಮಾತ್ರ ಬಿಡಬೇಡಿ. ಅದರ ಕಾಲುಗಳನ್ನು ಇರುವೆ ಹತ್ತದಂತೆ ನೀರು ತುಂಬಿದ ಬಟ್ಟಲಲ್ಲಿ ಇಟ್ಟಿರುತ್ತಾರೆ. ಬಟ್ಟಲಿಗೆ ನೀರು ಹೊಯ್ದರೆ ಮಕ್ಕಳಿಗೆ ಇರುವೆ ಬಾರದ ಬೆಲ್ಲದ ಕಪಾಟು ಸಿಕ್ಕಿತು. ಇಲಿ ಮಾತ್ರ ಹಾರುತ್ತದೆ, ಅದಕ್ಕೆ ಹಿಟ್ಟಿನ ಡಬ್ಬ ತೊಲೆಯಿಂದ ನೆಲುವಿನಲ್ಲಿ ತೂಗಬೇಕು. ಬಟ್ಟಲ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಬೇರೆ ಹಾಕದಿದ್ದರೆ ಸೊಳ್ಳೆ ಮರಿ ಆಗುತ್ತದೆ. ಆ ಕೆಲಸ ಪುಟ್ಟಿಗೆ ಕೊಡಿ.

ಬಿದಿರು ಚಂದ್ರಿಕೆ ಆರಡಿ ಉದ್ದ, ನಾಲ್ಕಡಿ ಅಗಲ. ಎತ್ತಿ ನಿಲ್ಲಿಸಿ ಕಟ್ಟಿದರೆ ಗೋಡೆ. ಹತ್ತು ವರ್ಷದವನು ಒಬ್ಬನೇ ಎತ್ತುವಷ್ಟು ಹಗುರ. ಕಿಟಕಿಗೆ ಹುಳವನ್ನು ಕೊಲ್ಲುವ ಉಜಿ ನೊಣ ಬಾರದಂತೆ ಹಾಕಿದ ನೈಲಾನ್ ಬಲೆ ಇರುತ್ತದೆ, ಹರಿದ ಕಡೆ ಹೊಲಿಯಲಿ. ಗುಡಿಸುವ ಮುಂಚೆ ನೆಲಕ್ಕೆ ನೀರು ಚಿಮುಕಿಸಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಒಣಗಿದ ಹಿಕ್ಕೆಯ ಧೂಳು ಕೆಮ್ಮು ತರುತ್ತದೆ.

ಚಂದ್ರಿಕೆ, ಚಿಂತಾಮಣಿ:

ಹೆಸರಿನ ಬಗ್ಗೆ ಬೇರೆಯಾಗಿ ಹೇಳುತ್ತೇನೆ. ‘ಗೂಡು’ ಕಿವಿಗೆ ಹಿತ. ಆದರೆ ರೇಷ್ಮೆ ಸೀಮೆಯ ಮಗುವಿಗೆ ಗೂಡು ಅಂದರೆ ಮೊದಲು ನೆನಪಾಗುವುದು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ. ಅಲ್ಲಿಂದ ಗೂಡು ಹೋಗುವುದು ನೂಲು ಬಿಚ್ಚುವ ಬಿಸಿನೀರಿಗೆ, ಒಳಗಿನ ಹುಳ ಹೊರಗೆ ಬರುವುದೇ ಇಲ್ಲ. ಒಂಬತ್ತು ವರ್ಷದವರು ಇದನ್ನು ಖಂಡಿತ ಕೇಳುತ್ತಾರೆ. ಮನೆಗೆ ಆ ಹೋಲಿಕೆ ಬೇಡ. ಬೇಕಾದರೆ ಹುಳದ ‘ಜ್ವರ’ ಬಳಸಿ. ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಆಗ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನಿರುತ್ತದೆ, ಪೊರೆ ಬಿಟ್ಟು ದೊಡ್ಡದಾಗಿ ಏಳುತ್ತದೆ. ಊಟ ಬಿಟ್ಟು ಮೂಲೆಗೆ ಕೂತ ಪುಟ್ಟಿಯನ್ನು ನೋಡಿ ಅಕ್ಕ ‘ಜ್ವರಕ್ ಕೂತವಳೆ, ಬುಡು, ಎದ್ದೇಳ್ತಾಳೆ’ ಅಂದರೆ ಸಾಕು. ಅವಳ ದುಃಖಕ್ಕೆ ಬೇರೆ ವಾಕ್ಯ ಬೇಡ.

ಎಸರು:

ಹುರುಳಿ ಇಪ್ಪತ್ತು ನಿಮಿಷದಲ್ಲಿ ಬೇಯುವುದಿಲ್ಲ. ಹಿಂದಿನ ರಾತ್ರಿ ನೆನೆಹಾಕಿದ್ದರೂ ಸೌದೆ ಒಲೆಯಲ್ಲಿ ಕುಕ್ಕರ್ ಇಲ್ಲದೆ ಒಂದು ಗಂಟೆಯ ಹತ್ತಿರ ಬೇಕು. ನೆನೆಯದಿದ್ದರೆ ಸೌದೆ ಮುಗಿದರೂ ಕಾಳು ಗಟ್ಟಿ. ಆದ್ದರಿಂದ ಶಾಲೆಗೆ ಹೋಗುವ ಮುಂಚೆ ನೆನೆಹಾಕುವುದು ಅವಳಿಗೆ ಮರೆತುಹೋಗಲಿ, ಆ ರಾತ್ರಿ ಬರೀ ಉಪ್ಪು, ಮೆಣಸಿನಕಾಯಿ, ಸೊಪ್ಪಿನ ಉಪ್ಸಾರು ಆಗಲಿ. ಎರಡನೇ ದಿನ ಅಣ್ಣ ಬಾಗಿಲ ಮೇಲೆ ಇದ್ದಿಲಲ್ಲಿ ‘ಕಾಳು’ ಅಂತ ಬರೆಯುತ್ತಾನೆ.

ಮುದ್ದೆಯ ಅಳತೆ ಕೊಡಿ, ಮಕ್ಕಳು ಅಳತೆಯನ್ನು ನಂಬುತ್ತಾರೆ. ನಾಲ್ವರಿಗೆ 200 ಮಿಲಿ ಲೋಟದಲ್ಲಿ 3 ಲೋಟ ರಾಗಿಹಿಟ್ಟು, 5 ಲೋಟ ನೀರು. ಹಿಟ್ಟು ಹೊಸದಾಗಿ ಬೀಸಿದ್ದೋ ಹಳೆಯದೋ ನೋಡಿಕೊಂಡು ಇನ್ನರ್ಧ ಲೋಟ ನೀರು. ಎಸರಿಗೆ ಉಪ್ಪು ಹಾಕಿ, ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಮೊದಲೇ ಬಿಡಬೇಕು. ಉಕ್ಕು ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಕೈಯಾಡಿಸದೆ ಬಿಡಬೇಕು. ಕೋಲಿನ ಹಿಡಿಯಿಂದ ಗುಡ್ಡೆಯ ನಡುವೆ ತೂತು ಮಾಡಿದರೆ ನೀರು ಮೇಲೆದ್ದು ಹಿಟ್ಟನ್ನು ಬೇಯಿಸುತ್ತದೆ. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ. ಆಮೇಲೆ ಇಳಿಸಿ ತೊಳಸುವುದು. ಅವಸರಪಟ್ಟರೆ ಒಳಗೆ ಬಿಳಿ ಗಂಟು, ಹಸಿ ವಾಸನೆ. ಒದ್ದೆ ಬೆರಳು ಒತ್ತಿದಾಗ ಅಂಟದಿದ್ದರೆ ಬೆಂದಿದೆ.

ತೊಳಸುವುದು ತೋಳಿನ ಕೆಲಸ, 13 ವರ್ಷದವಳಿಗೆ ಕಷ್ಟ. ಪಾತ್ರೆ ಜಾರದಂತೆ ಕವೆಗೋಲು ಹಾಕಿ ಎರಡು ಪಾದದಲ್ಲಿ ಒತ್ತಿ ಹಿಡಿಯಬೇಕು. ಅಣ್ಣ ಕವೆಗೋಲು ಒತ್ತಲಿ, ಅಕ್ಕ ತೊಳಸಲಿ. ಇಬ್ಬರಿಲ್ಲದೆ ಈ ಮನೆಯಲ್ಲಿ ಮುದ್ದೆ ಆಗುವುದಿಲ್ಲ ಅನ್ನುವುದು ಕಣ್ಣಿಗೆ ಕಾಣುತ್ತದೆ.

ಒಲೆಗೆ ಒಣ ಹಿಪ್ಪುನೇರಳೆ ಕಡ್ಡಿ ಧಾರಾಳ ಸಿಗುತ್ತದೆ, ಆದರೆ ಬೇಗ ಉರಿದು ಬೇಗ ಆರುತ್ತದೆ. ಕೆಂಡ ನಿಲ್ಲಬೇಕಾದರೆ ದಪ್ಪ ಕಟ್ಟಿಗೆ ಒಂದೆರಡು ಬೇಕು. ನೀಲಗಿರಿ ಎಲೆ ಹತ್ತಿಸುವುದಕ್ಕೆ ಮಾತ್ರ. ಮೂರು ಕಲ್ಲಿನ ಒಲೆ ಖಂಡಿತ ಒಳಗೆ ಬೇಡ, ಅಲ್ಲಿ ಒಣ ಬಿದಿರೇ ತುಂಬಿದೆ.

ನೀರುಗಂಟಿ, ಕೋಲಾರ:

ಕೆರೆ ನೀರು ಕಾಯಿಸಿದರೆ ಸರಿಹೋಗುತ್ತದೆ ಅನ್ನುವುದು ನಮ್ಮ ಎರಡು ಜಿಲ್ಲೆಯಲ್ಲಿ ದೊಡ್ಡ ತಪ್ಪು. ಈಗ ತುಂಬಿರುವ ಎಷ್ಟೋ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಕೋಲಾರಕ್ಕೆ ಕೆ.ಸಿ. ವ್ಯಾಲಿ ಯೋಜನೆಯದು, ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. ವ್ಯಾಲಿ ಯೋಜನೆಯದು. ಅದು ಅಂತರ್ಜಲ ಏರಲೆಂದು ಬಿಟ್ಟದ್ದು, ಕುಡಿಯಲು ಅಲ್ಲ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ.

ಊರಿನ ಶುದ್ಧ ನೀರಿನ ಘಟಕದಿಂದ ತರಲಿ. ಸಾಮಾನ್ಯವಾಗಿ 5 ರೂಪಾಯಿ ನಾಣ್ಯಕ್ಕೆ 20 ಲೀಟರ್. ದಿನಕ್ಕೆ ಕುಡಿಯಲು ಆರು ಲೀಟರ್, ಅಡುಗೆಗೆ ನಾಲ್ಕೈದು ಅಂದರೆ ಎರಡು ದಿನಕ್ಕೆ ಒಂದು ನಾಣ್ಯ. ನಾಣ್ಯ ಹಾಕಿದರೆ ಯಂತ್ರ ಇಪ್ಪತ್ತೂ ಲೀಟರ್ ಒಂದೇ ಸಮ ಬಿಡುತ್ತದೆ. 5 ಲೀಟರಿನ ನಾಲ್ಕು ಕ್ಯಾನ್ ಸಾಲಾಗಿಟ್ಟು ತುಂಬಿದ ಹಾಗೆ ಬದಲಾಯಿಸಬೇಕು. ಮೊದಲ ದಿನ ಎರಡೇ ಕ್ಯಾನ್ ಇದ್ದು ಅರ್ಧ ನೀರು ಚರಂಡಿಗೆ ಹೋಗುತ್ತದೆ. ಪಾಪು ಅದನ್ನು ಬೊಗಸೆಯಲ್ಲಿ ಹಿಡಿಯಲು ನೋಡುತ್ತಾನೆ. ಇಪ್ಪತ್ತು ಕಿಲೋ ಭಾರ ಮಕ್ಕಳ ಕೈಯಲ್ಲಿ ಎರಡು ಕಿಲೋಮೀಟರ್ ಬರುವುದಿಲ್ಲ, ಸೈಕಲ್ ಬೇಕು.

ಮುಳಬಾಗಿಲು ಮೇಷ್ಟ್ರು:

ಈ ಮಕ್ಕಳು ಶಾಲೆ ಬಿಡುವುದಿಲ್ಲ ತಾನೆ? ಹಾಗಿದ್ದರೆ ಮಧ್ಯಾಹ್ನ ಹಸಿವು ಇರುವುದಿಲ್ಲ. ಬಿಸಿಯೂಟದಲ್ಲಿ ಐದನೇ ತರಗತಿವರೆಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಮೇಲೆ 150 ಗ್ರಾಂ ಲೆಕ್ಕ. ಜೊತೆಗೆ 2013ರಿಂದ ಕ್ಷೀರಭಾಗ್ಯದ ಹಾಲು, ಈಚಿನ ವರ್ಷಗಳಲ್ಲಿ ಮೊಟ್ಟೆ ಅಥವಾ ಬಾಳೆಹಣ್ಣು. ಐದು ವರ್ಷದವನು ಅಂಗನವಾಡಿಯಲ್ಲಿ ಉಣ್ಣುತ್ತಾನೆ. ನಿಮ್ಮ ಕರಡಿನಲ್ಲಿ ಬುಧವಾರ ಮಧ್ಯಾಹ್ನ ಹಸಿದಿದ್ದಾರೆ, ಅದು ತಪ್ಪು. ಕಷ್ಟ ಇರುವುದು ಭಾನುವಾರ. ಭಾನುವಾರಕ್ಕೇ ಒಂದು ಅಧ್ಯಾಯ ಕೊಡಿ. ಶನಿವಾರ ರಾತ್ರಿ ಎಷ್ಟು ಹಿಟ್ಟು ಉಳಿದಿದೆ ಎಂದು ಅಕ್ಕ ಡಬ್ಬ ಅಲ್ಲಾಡಿಸಿ ನೋಡುವಲ್ಲಿಂದ ಶುರುಮಾಡಿ.

ಇನ್ನೊಂದು. ಅಂಗನವಾಡಿಯವರಿಗೆ ಗೊತ್ತಾಗದೆ ಐದು ವರ್ಷದ ಮಗುವನ್ನು ಹೆಚ್ಚು ದಿನ ಬಚ್ಚಿಡಲು ಹಳ್ಳಿಯಲ್ಲಿ ಸಾಧ್ಯವಿಲ್ಲ. ಅವನೇ ಹೇಳಿಬಿಡುತ್ತಾನೆ.

ಹುಣಸೆಯೂ ತಪ್ಪು. ಹಣ್ಣು ಬಡಿಯುವುದು ಫೆಬ್ರವರಿ, ಮಾರ್ಚ್. ನಿಮ್ಮ ಕಥೆ ಅಕ್ಟೋಬರ್, ನವೆಂಬರ್. ಮೇಲಾಗಿ ರಸ್ತೆ ಬದಿಯ ಮರಗಳ ಫಸಲು ಹರಾಜಾಗಿರುತ್ತದೆ, ಹರಾಜು ಕೂಗಿದವರದ್ದು ಅದು. ನವೆಂಬರಿನಲ್ಲಿ ಸಿಗುವುದು ರಾಗಿ ಕೊಯ್ದ ಹೊಲದಲ್ಲಿ ಬಿದ್ದ ತೆನೆ, ಡಿಸೆಂಬರಿಗೆ ಅವರೆಕಾಯಿ.

ಕಾಯ್ದೆ ಕಡೆಯಿಂದ:

ಅಣ್ಣನಿಗೆ 10 ವರ್ಷ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದ ಮೇಲೆ 14ರೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಅಪಾಯವಿಲ್ಲದ ಮನೆಯವರ ಕೆಲಸಕ್ಕೆ ಶಾಲೆ ಬಿಟ್ಟ ವೇಳೆಯಲ್ಲಿ ಕೈಜೋಡಿಸಬಹುದು. ಒಳ್ಳೆಯ ರೈತರೊಬ್ಬರು ಅವನಿಗೆ ಟೊಮೆಟೊ ಬಿಡಿಸುವ ಕೂಲಿ ಕೊಡುವ ಎಂಟನೇ ಅಧ್ಯಾಯ ಪ್ರೀತಿಯಿಂದ ಬರೆದದ್ದೇ ಇರಬಹುದು, ಆದರೂ ಅದು ಬಾಲಕಾರ್ಮಿಕ ಪದ್ಧತಿ. ಶಿಡ್ಲಘಟ್ಟದ ನೂಲು ಬಿಚ್ಚುವ ಕಡೆ ಮಕ್ಕಳು ಕೈ ಬೇಯಿಸಿಕೊಂಡ ಕಾಲವೊಂದಿತ್ತು. ಈ ವಿಷಯದಲ್ಲಿ ಇಲ್ಲಿಯ ಪುಸ್ತಕ ಮೃದುವಾಗಿದ್ದರೆ ಸಾಲದು, ಸರಿಯಾಗಿಯೂ ಇರಬೇಕು.

2015ರ ಬಾಲನ್ಯಾಯ ಕಾಯ್ದೆಯಂತೆ ಆಸರೆಯಿಲ್ಲದ ಮಗು ಸಿಕ್ಕಿದವರು ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ನಿಮ್ಮ ಕಥೆಯ ಅಂಗಡಿಯವರು, ಕಂಡಕ್ಟರ್, ಅಜ್ಜಿ ಮೂವರೂ ಗೊತ್ತಿದ್ದೂ ಎರಡು ತಿಂಗಳು ಬಾಯಿಬಿಡುವುದಿಲ್ಲ. ಇದನ್ನು ಒಳ್ಳೆಯತನ ಎಂದು ಮಕ್ಕಳಿಗೆ ತೋರಿಸಬೇಡಿ.

ಮಕ್ಕಳ ಭಯ ಮಾತ್ರ ನಿಜವಾದದ್ದು, ಅದನ್ನು ಹಾಗೇ ಇಡಿ. ಬಾಲಮಂದಿರಗಳು ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ಅಲ್ಲಿಗೆ ಹೋದರೆ ನಾಲ್ವರೂ ಒಂದೇ ಕಡೆ ಇರುವುದಿಲ್ಲ. ಆದರೆ ಕಾಯ್ದೆಯಲ್ಲಿ ಅವರ ಪರವಾದದ್ದೂ ಇದೆ. ಪೋಷಕ ಕುಟುಂಬಕ್ಕೆ ಒಪ್ಪಿಸುವಾಗ ಒಡಹುಟ್ಟಿದವರನ್ನು ಒಂದೇ ಮನೆಯಲ್ಲಿಡಲು ಪ್ರಯತ್ನಿಸಬೇಕು ಎಂದಿದೆ. ವಿಚಾರಣೆ ನಡೆಯುವಾಗ ಯೋಗ್ಯ ವ್ಯಕ್ತಿಯೊಬ್ಬರ ಬಳಿ ಇರಿಸಲು ಸಮಿತಿ ಆದೇಶಿಸಬಹುದು. ಸಾಮಾಜಿಕ ತನಿಖೆ 15 ದಿನದಲ್ಲಿ ಮುಗಿಯಬೇಕು, ಕೊನೆಯ ಆದೇಶಕ್ಕೆ ನಾಲ್ಕು ತಿಂಗಳ ಅವಧಿ. ಹತ್ತಿರದ ಬಂಧುಗಳ ಜೊತೆ ಇರುವ ಅನಾಥ ಮಕ್ಕಳಿಗೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ ತಲಾ 4000 ರೂಪಾಯಿ ಪ್ರಾಯೋಜಕತ್ವ ಪಡೆಯಲು ಅವಕಾಶವಿದೆ. ಕೂಲಿಯ ಅಧ್ಯಾಯದ ಬದಲು ಆ ಅರ್ಜಿ, ಆಧಾರ್, ಬ್ಯಾಂಕ್ ಪುಸ್ತಕದ ಓಡಾಟ ಬರಲಿ.

ತಿಪಟೂರು ಓದುಗ:

ಸರ್, ಇಷ್ಟೆಲ್ಲ ತಂದರೆ ಕಾದಂಬರಿ ಉಳಿಯುತ್ತದೆಯೇ? ದೊಡ್ಡವರಿಲ್ಲದ ಮನೆ ಅನ್ನುವುದೇ ಮಕ್ಕಳಿಗೆ ಈ ಬಗೆಯ ಕಥೆಯಲ್ಲಿ ಹಿಡಿಸುವುದು. ಕಾಲವನ್ನು ಐವತ್ತು ವರ್ಷ ಹಿಂದಕ್ಕೆ ಒಯ್ಯಿರಿ. ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರದ ನಡುವೆ ಎರಡೂವರೆ ಅಡಿ ಗೇಜಿನ ಪುಟ್ಟ ರೈಲು ಓಡುತ್ತಿದ್ದ ಕಾಲ. ತೆರೆದ ಬಾವಿಯಲ್ಲಿ ನೀರಿತ್ತು, 1098 ಇರಲಿಲ್ಲ.

ಕಾಯ್ದೆ ಕಡೆಯಿಂದ:

ಮಾಡಬಹುದು. ಆದರೆ ಆಗ ನೀರಿನ ನಾಣ್ಯ, ಬಿಸಿಯೂಟ, ಕಡ್ಡಿ ಅಟ್ಟಣಿಗೆ ಒಂದೂ ಇರುವುದಿಲ್ಲ. ಮೇಲೆ ಬರೆದವರು ಕೊಟ್ಟ ವಿವರದಲ್ಲಿ ಮುಕ್ಕಾಲು ಪಾಲು ಹೋಗುತ್ತದೆ. ಈಗ ಓದುವ ಮಗುವಿಗೆ ತನ್ನ ಊರು ಕಾಣುವುದೂ ಇಲ್ಲ.

ದೊಡ್ಡವರು ಬರುವುದರಿಂದ ಕಥೆ ಕೆಡುವುದಿಲ್ಲ, ಅವರು ಯಾವಾಗ ಬರುತ್ತಾರೆ ಅನ್ನುವುದು ಮುಖ್ಯ. ಆರನೇ ದಿನ ಅಂಗನವಾಡಿಯವರಿಂದ ವಿಷಯ ಹೊರಬೀಳಲಿ. ಹುಳುಮನೆಯ ಒಡತಿಯನ್ನೇ ಅವರ ಚಿಕ್ಕಜ್ಜಿ ಮಾಡಿ, ಅಮ್ಮನ ಚಿಕ್ಕಮ್ಮ. ಕಣ್ಣು ಮಂಜು, ಊರೊಳಗೆ ಒಂದಂಕಣದ ಮನೆ. ಸಮಿತಿ ಮಕ್ಕಳನ್ನು ಅವರಿಗೆ ಒಪ್ಪಿಸಿ ತನಿಖೆಗೆ ಹೇಳುತ್ತದೆ. ತನಿಖೆಗೆ ಬರುವವರು ನೋಡುವುದು ಏನು? ಕುಡಿಯುವ ನೀರು ಎಲ್ಲಿಯದು, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ, ಶೌಚಾಲಯ ಇದೆಯೇ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ, ಎಲ್ಲಿ ಮಲಗುತ್ತಾರೆ. ಆಗ ಕ್ಯಾನ್, ನೆಲುವು, ಹಲಗೆ ಮಂಚ ಎಲ್ಲಕ್ಕೂ ಬೆಲೆ ಬರುತ್ತದೆ. ನಾಲ್ವರೂ ಒಟ್ಟಿಗೆ ಉಳಿಯುವುದು ಅವುಗಳ ಮೇಲೇ ನಿಂತಿರುತ್ತದೆ. ಬರುವ ಅಧಿಕಾರಿಯನ್ನು ಮಾತ್ರ ಕೆಟ್ಟವರನ್ನಾಗಿ ಮಾಡಬೇಡಿ.

ತಿಪಟೂರು ಓದುಗ:

ಒಪ್ಪಿದೆ. ಹಾಗಾದರೆ ಚಿಕ್ಕಜ್ಜಿ ಊರಿನ ಮನೆ ಬಿಟ್ಟು ಹುಳುಮನೆಗೆ ಬಂದು ಮಲಗಲಿ, ಅಡುಗೆ ಮಾತ್ರ ಮಕ್ಕಳದ್ದೇ ಇರಲಿ.

ಚಂದ್ರಿಕೆ, ಚಿಂತಾಮಣಿ:

ಶೌಚಾಲಯದ ಮಾತು ಬಂದದ್ದು ಒಳ್ಳೆಯದಾಯಿತು, ಕರಡಿನಲ್ಲಿ ಅದು ಎಲ್ಲೂ ಇಲ್ಲ. ಹುಳುಮನೆಗೆ ಶೌಚಾಲಯ ಕಟ್ಟಿರುವುದಿಲ್ಲ. ಸ್ವಚ್ಛ ಭಾರತ ಯೋಜನೆಯಲ್ಲಿ ಅರ್ಹ ಮನೆಗೆ 12,000 ರೂಪಾಯಿ ಸಹಾಯಧನದ ಲೆಕ್ಕವಿದೆ, ಪಂಚಾಯಿತಿಗೆ ಅರ್ಜಿ ಹಾಕಬೇಕು. 13 ವರ್ಷದ ಹುಡುಗಿಗೆ ಇದು ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ಅವಳ ಮುಟ್ಟಿನ ದಿನವನ್ನೂ ಮುಚ್ಚಿಡಬೇಡಿ, ಶಾಲೆಯಲ್ಲಿ ಕೊಟ್ಟ ಪ್ಯಾಡಿನ ಪೊಟ್ಟಣ ಅಟ್ಟಣಿಗೆಯ ಮೇಲಿದೆ ಅನ್ನುವ ಒಂದು ಸಾಲು ಸಾಕು.

ಮುಳಬಾಗಿಲು ಮೇಷ್ಟ್ರು:

ಶೌಚಾಲಯ ಕೇಳುವುದಕ್ಕೆ ಮಕ್ಕಳ ಗ್ರಾಮಸಭೆ ಇದೆ. ಅಣ್ಣ ಅಲ್ಲಿ ಎದ್ದು ನಿಂತು ಕೇಳಲಿ. ಬರೆದುಕೊಂಡು ಹೋದ ಚೀಟಿ ಬೆವರಿಗೆ ಒದ್ದೆಯಾಗಿರುತ್ತದೆ.

ಗೌರಿಬಿದನೂರು ಅರಿವು ಕೇಂದ್ರ:

ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವವರ ಕಡೆಯಿಂದ ಎರಡು ಮಾತು. ಅಧ್ಯಾಯ 900 ಪದ ದಾಟದಿರಲಿ, ಅದು ಹತ್ತು ನಿಮಿಷದ ಓದು. ಅದಕ್ಕಿಂತ ಉದ್ದವಾದರೆ ಹಿಂದಿನ ಸಾಲಿನ ಚಿಕ್ಕವರು ಎದ್ದು ಹೋಗುತ್ತಾರೆ. ‘ಅಷ್ಟರಲ್ಲಿ ಬಾಗಿಲು ಬಡಿದ ಸದ್ದು’ ಎಂದು ಪ್ರತಿ ಅಧ್ಯಾಯ ನಿಲ್ಲಿಸಬೇಡಿ. ಕೆಲಸವೊಂದು ಅರ್ಧಕ್ಕೆ ನಿಂತರೆ ಸಾಕು, ನಾಳೆ ಮತ್ತೆ ಬರುತ್ತಾರೆ.

ಭಾಷೆ: ನಿರೂಪಣೆ ಪುಸ್ತಕದ ಕನ್ನಡ, ಮಾತು ಸೀಮೆಯದ್ದು. ‘ಐತೆ, ಬತ್ತೀನಿ, ಇಲ್ಕಣಕ್ಕ’ ಇಷ್ಟು ಸಾಕು. ಪ್ರತಿ ಅಕ್ಷರವನ್ನೂ ಉಚ್ಚಾರದಂತೆ ಬರೆದರೆ ಮೂರನೇ ತರಗತಿಯವರಿಗೆ ಓದಲಾಗುವುದಿಲ್ಲ. ಬಾಗೇಪಲ್ಲಿ, ಚಿಂತಾಮಣಿ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಚಿಕ್ಕಜ್ಜಿ ಮಲಗಿಸುವಾಗ ತೆಲುಗಿನಲ್ಲಿ ಗುನುಗಿದರೆ ಆ ಮಕ್ಕಳ ಮುಖ ಅರಳುತ್ತದೆ. ನಾಲ್ವರಿಗೂ ಹೆಸರಿಡದೆ ಅಕ್ಕ, ಅಣ್ಣ, ಪುಟ್ಟಿ, ಪಾಪು ಎಂದೇ ಬಿಟ್ಟದ್ದು ಸರಿಯಾಗಿದೆ. ಹೆಸರಿಟ್ಟರೂ ಚಿಕ್ಕವರು ದೊಡ್ಡವರನ್ನು ಹೆಸರು ಹಿಡಿದು ಕೂಗುವುದಿಲ್ಲ.

ಶಿಡ್ಲಘಟ್ಟ ಕರಡು:

ಎಲ್ಲರಿಗೂ ಕೈಮುಗಿದೆ. ಬಿಳಿ ಕ್ಯಾನ್ ಹೊರಗೆ ಹೋಯಿತು, ಕೂಲಿಯ ಅಧ್ಯಾಯ ತೆಗೆದೆ, ಚಿಕ್ಕಜ್ಜಿ ಏಳನೇ ಅಧ್ಯಾಯದಲ್ಲಿ ಬರುತ್ತಾರೆ. ಹೆಸರು ಈಗ ‘ಹುಳುಮನೆ’ ಅಷ್ಟೇ. ಭಾನುವಾರದ ಅಧ್ಯಾಯದ ಒಂದು ತುಂಡು ಹಾಕುತ್ತಿದ್ದೇನೆ, ಇದನ್ನೂ ನೋಡಿ:

‘ಡಬ್ಬ ಅಲ್ಲಾಡಿಸಿದರೆ ಸದ್ದು ಬರಲಿಲ್ಲ. ಅಂದರೆ ಇನ್ನೂ ಇದೆ. ಖಾಲಿ ಡಬ್ಬದಲ್ಲೇ ಚಮಚ ಸದ್ದು ಮಾಡುವುದು. ಅಕ್ಕ ಅಳೆದಳು. ಎರಡು ಲೋಟ, ಮೂರನೆಯದು ಅರ್ಧಕ್ಕೆ ನಿಂತಿತು. ಎಸರಿಗೂ ಅಷ್ಟೇ ಕಡಿಮೆ ಮಾಡಿ ನಾಲ್ಕು ಲೋಟ ನೀರಿಟ್ಟಳು. ಹಿಟ್ಟು ಬೆಂದ ಮೇಲೆ ಪಾತ್ರೆ ಇಳಿಸಿದಳು. ಅಣ್ಣ ಕವೆಗೋಲು ಹಾಕಿ ಎರಡೂ ಪಾದ ಊರಿ ಒತ್ತಿದ. ಪಾಪು ಪಾತ್ರೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ನಾಲ್ಕೂ ಒಂದೇ ಗಾತ್ರ ಆಗಲಿಲ್ಲ. ದೊಡ್ಡದನ್ನು ಅಕ್ಕ ಪುಟ್ಟಿಯ ತಟ್ಟೆಗಿಟ್ಟಳು. ಪುಟ್ಟಿ ಮೂರು ದಿನದ ಮೇಲೆ ಕೈ ಚಾಚಿದ್ದಳು.’

ಎಸರು:

ಎರಡೂವರೆ ಲೋಟಕ್ಕೆ ನಾಲ್ಕು ಲೋಟ ನೀರು ಸರಿ. ಪಾಪುವನ್ನು ಪಾತ್ರೆಯ ಪಕ್ಕದಲ್ಲಿ ಕೂರಿಸಬೇಡಿ. ತೊಳಸುವಾಗ ಬಿಸಿ ಹಿಟ್ಟು ಸಿಡಿದು ಚರ್ಮಕ್ಕೆ ಅಂಟಿದರೆ ಬೇಗ ಬಿಡುವುದಿಲ್ಲ.

ಶಿಡ್ಲಘಟ್ಟ ಕರಡು:

ತಿದ್ದಿದೆ. ಪಾಪು ಈಗ ಹೊಸ್ತಿಲ ಮೇಲೆ ಕೂತು ಅಲ್ಲಿಂದ ಎಣಿಸುತ್ತಾನೆ.